ಅಕ್ಕನ ಎಡಗೈ

ಜನವರಿ 9

ಅಕ್ಕನಿಗೆ,

'ಇಲ್ಲಿ ನಾನು ಕ್ಷೇಮ' ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಪ್ರೂಫ್ ನೋಡುವವನ ಹಣೆಬರಹವೇ ಇಷ್ಟು, ತನ್ನ ಕ್ಷೇಮವನ್ನೂ ಎರಡೆರಡು ಸಲ ತಿದ್ದುತ್ತಾನೆ.

ಹೋದ ವಾರ ನಿನ್ನ ಮನೆಗೆ ಬಂದಿದ್ದಾಗಲೇ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿಯೇ ಕೇಳಿಸುವುದಿಲ್ಲ. 'ಜೋರಾಗಿ ಮಾತಾಡು' ಎಂದರೆ 'ಜೋರಾಗೇ ಮಾತಾಡ್ತಿದ್ದೀನಲ್ಲೋ, ನಿನ್ನ ಕಿವಿಗೇ ವಯಸ್ಸಾಗಿದೆ' ಎನ್ನುತ್ತೀಯ. ಚಿಕ್ಕಂದಿನಲ್ಲಿ ನೀನು ಬೀದಿಯ ಆ ತುದಿಯಿಂದ ಒಮ್ಮೆ ಕೂಗಿದರೆ ನಾನಷ್ಟೇ ಅಲ್ಲ, ಪಕ್ಕದ ಮನೆಯ ಮಕ್ಕಳೂ ಆಟ ಬಿಟ್ಟು ಓಡುತ್ತಿದ್ದರು. ಅದಕ್ಕೇ ಈ ಕಾಗದ.

ವೈದ್ಯರ ಸಂಘದ ಮಾಸಪತ್ರಿಕೆಯೊಂದು ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆಂದು ನಿನಗೆ ಗೊತ್ತು. ಅದರ ಪ್ರೂಫ್ ನೋಡುವಾಗ ನಾನು ಅರ್ಥದ ಗೊಡವೆಗೆ ಹೋಗುವವನಲ್ಲ, ಅಲ್ಪವಿರಾಮ ಜಾಗದಲ್ಲಿದ್ದರೆ ಸಾಕು. ಈ ಸಲ ಒಂದು ಲೇಖನ ನನ್ನನ್ನು ಹಿಡಿದುಬಿಟ್ಟಿತು. ಖಿನ್ನತೆಯಿಂದ ನರಳಿದವರಲ್ಲಿ ಕೆಲವರಿಗೆ ವರ್ಷಗಳು ಕಳೆದ ಮೇಲೆ ಪಾರ್ಕಿನ್ಸನ್ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತದಂತೆ. ಕೈ ನಡುಗುವುದು, ನಡಿಗೆ ನಿಧಾನವಾಗುವುದು, ಮೈ ಬಿಗಿದುಕೊಳ್ಳುವುದು. ಕೆಲವರಲ್ಲಿ ಆ ಖಿನ್ನತೆಯೇ ಕಾಯಿಲೆಯ ಮೊದಲ ಸುಳಿವಂತೆ. ಕೈ ನಡುಗುವುದಕ್ಕೆ ಎಷ್ಟೋ ಮೊದಲು ಬರುವ ಸುಳಿವು.

ಕೊನೆಯಲ್ಲಿ ಒಂದು ಪಟ್ಟಿ ಇತ್ತು. ವಾಸನೆ ತಿಳಿಯದಿರುವುದು. ನಿನ್ನ ಮನೆಯಲ್ಲಿ ಹಾಲು ಸೀದು ಕೋಣೆಯೆಲ್ಲ ಹೊಗೆಯಾದರೂ ನೀನು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ನಿದ್ದೆಯಲ್ಲಿ ಒದೆಯುವುದು. ಬೆಳಿಗ್ಗೆ ನಿನ್ನ ಮೊಣಕೈ ಕಪ್ಪುಗಟ್ಟಿತ್ತು, 'ಕನಸಲ್ಲಿ ಯಾರಿಗೋ ಬಾರಿಸಿದೆ, ಗೋಡೆಗೆ ಬಿತ್ತು' ಎಂದು ನೀನು ನಕ್ಕೆ. ನಡೆಯುವಾಗ ಒಂದು ಕೈ ಬೀಸದಿರುವುದು. ಬಸ್ಸಿನವರೆಗೆ ನನ್ನ ಜೊತೆ ಬಂದೆಯಲ್ಲ, ನಿನ್ನ ಬಲಗೈ ಬೀಸುತ್ತಿತ್ತು, ಎಡಗೈ ಯಾರದೋ ಸಾಮಾನು ಹೊತ್ತ ಹಾಗೆ ಪಕ್ಕಕ್ಕೆ ಅಂಟಿಕೊಂಡಿತ್ತು.

ನಾಲ್ಕು ವರ್ಷದ ಹಿಂದಿನ ಆ ಎಂಟು ತಿಂಗಳ ಬಗ್ಗೆ ನಾವಿಬ್ಬರೂ ಮಾತಾಡಿದ್ದಿಲ್ಲ. ಈಗಲೂ ಬೇಡವೆಂದರೆ ಬೇಡ. ಆದರೆ ಒಬ್ಬ ನರರೋಗದ ಡಾಕ್ಟರನ್ನು ನೋಡು. ಬಂದರಿನಲ್ಲಿ ಕ್ರೇನ್ ನಡೆಸುವವಳು ನೀನು, ಕೊಕ್ಕೆಯ ಕೆಳಗೆ ಜನ ಓಡಾಡುತ್ತಾರೆ. ಬೇರೆ ಯಾವ ಕೆಲಸವಾಗಿದ್ದರೂ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಇಂತಿ,
ನಿನ್ನ ಪುಕ್ಕಲ


ಜನವರಿ 21

ಪುಕ್ಕಲನಿಗೆ,

ನಿನ್ನ ಕಾಗದ ಊಟಕ್ಕೆ ಮುಂಚೆ ಬಂತು, ಊಟ ಕೆಡಿಸಿತು. ಏಳು ವರ್ಷದವನಿದ್ದಾಗ ಹಲ್ಲು ಅಲ್ಲಾಡಿದ್ದಕ್ಕೆ 'ಅಕ್ಕಾ, ತಲೆ ಬಿದ್ದೋಗತ್ತಾ?' ಎಂದು ಅತ್ತವನು ನೀನು. ಅಮ್ಮ ಹೋದ ವರ್ಷವೇ ಅದು, ಅದಕ್ಕೇ ನಾನು ನಗಲಿಲ್ಲ. ಈಗ ನಲವತ್ತಾರಾಗಿದೆ, ಈಗ ನಗಬಹುದು ತಾನೇ?

ಹಾಲು ಸೀದದ್ದು ನೆಗಡಿಯಿಂದ. ಮೊಣಕೈ ಕಪ್ಪಾದದ್ದು ನಿನಗೆ ಮಂಚ ಕೊಟ್ಟು ನಾನು ಗೋಡೆ ಪಕ್ಕ ಮಲಗಿದ್ದರಿಂದ. ಕೈ ಬೀಸದಿದ್ದದ್ದಕ್ಕೆ ಕಾರಣ ಬೇಕೇ? ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಎರಡು ಮೊಣಕಾಲ ನಡುವಿನ ಗಾಜಿನಲ್ಲಿ ಕೆಳಗೆ ನೋಡಿ ನೋಡಿ ನನ್ನ ಕತ್ತು, ಭುಜ, ಬೆನ್ನು ಎಲ್ಲ ಒಂದೇ ಹಲಗೆಯಾಗಿದೆ. ಕ್ರೇನ್ ನಡೆಸುವವರಲ್ಲಿ ಯಾರ ಕೈ ಬೀಸುತ್ತದೆ ಹೇಳು, ಅವರಿಗೊಂದು ಬಹುಮಾನ ಕೊಡೋಣ.

ನಿನಗೆ ನನ್ನ ಕೆಲಸದ ಬಗ್ಗೆ ಸುಮ್ಮನೆ ಭಯ. ಮೇಲೆ ಕೂತರೆ ಎಷ್ಟು ಸಮಾಧಾನ ಗೊತ್ತೇ? ಬಲಗೈ ಹಿಡಿಕೆ ಮೇಲೆ, ಕೆಳಗೆ. ಎಡಗೈ ಹಿಡಿಕೆ ಹಡಗಿನ ಕಡೆ, ದಡದ ಕಡೆ. ನಾನು ಎಡಚಿ, ಸಾಗಿಸುವ ಕೆಲಸ ನನ್ನ ಜಾಣ ಕೈಗೇ ಬಿದ್ದಿದೆ. ಕೆಳಗೆ ಕೈಸನ್ನೆ ಮಾಡುವವನು ನೀರುಕೋಳಿ. ಕಾಲು ಉದ್ದ, ಕತ್ತು ಉದ್ದ, ಹಳದಿ ಟೊಪ್ಪಿ, ಅದಕ್ಕೇ ಆ ಹೆಸರು. ಹನ್ನೆರಡು ವರ್ಷದಿಂದ ಅವನು ಕೈ ಎತ್ತಿದರೆ ನಾನು ಎತ್ತುತ್ತೇನೆ, ಇಳಿಸಿದರೆ ಇಳಿಸುತ್ತೇನೆ. ಗಂಡ ಹೆಂಡಿರಲ್ಲೂ ಇಷ್ಟು ಹೊಂದಾಣಿಕೆ ಇರುವುದಿಲ್ಲ ಎಂದು ಅವನ ಹೆಂಡತಿಯೇ ಹೇಳುತ್ತಾಳೆ.

ನಿವೃತ್ತಿಗೆ ಇನ್ನು ಮೂರು ವರ್ಷ. ಈಗ ಡಾಕ್ಟರ ಬಾಗಿಲಿಗೆ ಹೋದರೆ ಅವರು ಚೀಟಿ ಬರೆಯುತ್ತಾರೆ, ಚೀಟಿ ಆಫೀಸಿಗೆ ಹೋಗುತ್ತದೆ, ಆಫೀಸು ನನ್ನನ್ನು ಕೆಳಗಿಳಿಸುತ್ತದೆ. ಇಲ್ಲದ ಕಾಯಿಲೆಗೆ ಇರುವ ಕೆಲಸ ಕಳೆದುಕೊಳ್ಳಲೇ?

ಆ ಎಂಟು ತಿಂಗಳ ಬಗ್ಗೆ ಬರೆಯಬೇಡ. ಅದು ಮುಗಿದ ಕಥೆ.

ನೀನು ಅಲ್ಪವಿರಾಮ ನೋಡು. ಅಕ್ಕನನ್ನು ನೋಡಬೇಡ.

ನಿನ್ನ ಎಡಚಿ ಅಕ್ಕ


ಫೆಬ್ರವರಿ 3

ಅಕ್ಕ,

ಬೈದುಕೋ. ನಿನ್ನ ಕಾಗದವನ್ನು ಮೇಜಿನ ಮೇಲೆ ಹರಡಿ ಸ್ಕೇಲ್ ಇಟ್ಟು ಅಳೆದೆ. 'ಪುಕ್ಕಲನಿಗೆ' ಎಂಬ ಪದದ ಎತ್ತರ ಆರು ಮಿಲಿಮೀಟರ್. ಮೊದಲ ಪುಟದ ಕೊನೆಗೆ ನಾಲ್ಕು. 'ಅಕ್ಕನನ್ನು ನೋಡಬೇಡ' ಎಂಬುದಕ್ಕೆ ಭೂತಗನ್ನಡಿ ಹಿಡಿಯಬೇಕಾಯಿತು, ಎರಡು ಮಿಲಿಮೀಟರೂ ಇಲ್ಲ. ಸಾಲುಗಳು ಬಲಕ್ಕೆ ಹೋದಂತೆ ಇರುವೆ ಸಾಲಿನ ಹಾಗೆ ಸಣ್ಣಗಾಗಿವೆ. ಇಪ್ಪತ್ತೆರಡು ವರ್ಷದಿಂದ ಅಕ್ಷರದ ಗಾತ್ರ ನೋಡಿ ಅನ್ನ ತಿನ್ನುವವನು ನಾನು. ಇದಕ್ಕೂ ನೆಗಡಿ ಕಾರಣವೇ?

ಲೇಖನ ಬರೆದ ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಅಂಕಿ ಸರಿಯಿದೆಯೇ ಕೇಳುವ ನೆಪ. ಅಂಕಿ ಸರಿಯಾಗಿತ್ತು. ಫೋನ್ ಇಡಲಾಗದೆ ತೊದಲಿದೆ. 'ನಿಮ್ಮ ಮನೇಲಿ ಯಾರಿಗಾದ್ರೂ ಇದೆಯೇನ್ರಿ?' ಎಂದು ಅವರೇ ಕೇಳಿದರು. ಹೇಳಿದೆ. ಅವರು ಹೇಳಿದ್ದಿಷ್ಟು: ಖಿನ್ನತೆ ಬಂದವರೆಲ್ಲರಿಗೂ ಇದು ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೇ ಇಲ್ಲ, ಹೆದರಿಸಲು ಲೇಖನ ಬರೆದದ್ದಲ್ಲ. ಆದರೆ ಐವತ್ತು ದಾಟಿದ ಮೇಲೆ ಮೊದಲ ಸಲ, ಕಾರಣವೇ ಇಲ್ಲದೆ ಬಂದಿದ್ದು, ಜೊತೆಗೆ ವಾಸನೆ, ನಿದ್ದೆ, ಕೈ ಎಲ್ಲ ಸೇರಿಕೊಂಡರೆ 'ಕರ್ಕೊಂಡು ಬನ್ನಿ, ತಡ ಮಾಡಬೇಡಿ' ಎಂದರು.

ನಿನಗೆ ಐವತ್ತಮೂರು ಆಗಿತ್ತು. ಕಾರಣವೂ ಇರಲಿಲ್ಲ.

ಬರೆಯಬೇಡ ಎಂದೆ, ಆದರೂ ಬರೆಯುತ್ತೇನೆ. ನೀನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ತಲೆ ಬಾಚಿರಲಿಲ್ಲ. ನಾನು ಮೂರು ದಿನ ಇದ್ದೆ. ನಾಲ್ಕನೆಯ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು, 'ಸೋಮಾರಿತನಕ್ಕೆ ಈಗ ದೊಡ್ಡ ದೊಡ್ಡ ಹೆಸರು ಬಂದಿವೆ. ಎದ್ದು ನಾಲ್ಕು ಪಾತ್ರೆ ತೊಳಿ, ಎಲ್ಲ ಸರಿಹೋಗತ್ತೆ' ಎಂದೆ. ನೀನು ತಿರುಗಿ ನೋಡಲಿಲ್ಲ. ನಾನು ಹೊರಟುಬಂದೆ. ಆಮೇಲೆ ನೀನು ಯಾರನ್ನು ನೋಡಿದೆ, ಹೇಗೆ ಎದ್ದೆ, ನನಗೆ ಇಂದಿಗೂ ಗೊತ್ತಿಲ್ಲ.

ಈ ಸಲ ಹಾಗೆ ಹೊರಟುಬರುವುದಿಲ್ಲ. ಈ ತಿಂಗಳೊಳಗೆ ನೀನು ಡಾಕ್ಟರ ಹತ್ತಿರ ಹೋಗದಿದ್ದರೆ ನಿನ್ನ ಸೂಪರ್‌ವೈಸರ್‌ಗೆ ನಾನೇ ಬರೆಯುತ್ತೇನೆ.

ನಿನ್ನ ತಮ್ಮ


ಫೆಬ್ರವರಿ 12

ತಮ್ಮನಿಗೆ,

ಒಡಹುಟ್ಟಿದವಳನ್ನು ಸ್ಕೇಲ್ ಇಟ್ಟು ಅಳೆಯುವವನು ನೀನೊಬ್ಬನೇ ಇರಬೇಕು.

ಹೇಗೆ ಎದ್ದೆ ಎಂದು ಕೇಳಿದೆಯಲ್ಲ. ಬಂದರಿನ ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯಿಂದ ಕಣ್ಣು ಬಿಟ್ಟೆ. ಎದ್ದದ್ದು ಕ್ರೇನಿನಿಂದ. ಬೆಳಿಗ್ಗೆ ಅದರ ಏಣಿಗೆ ಕೈ ಹಾಕುವುದೊಂದೇ ನನಗಿದ್ದ ಕೆಲಸ. ಮೇಲೆ ಹೋದರೆ ಗೋಡೆ ಇರುವುದಿಲ್ಲ, ನಾಲ್ಕು ಕಡೆಯೂ ಗಾಜು. ಅದನ್ನು ನನ್ನಿಂದ ಕಿತ್ತುಕೊಂಡರೆ ಮತ್ತೆ ಆ ಗೋಡೆಯೇ. ಕಾಯಿಲೆಯಿಂದ ಸಾಯುವುದು ಆಮೇಲಿನ ಮಾತು.

ಸೂಪರ್‌ವೈಸರ್‌ಗೆ ನೀನು ಬರೆದ ದಿನ ನನಗೆ ತಮ್ಮನಿಲ್ಲ.

ಅಕ್ಕ


ಮಾರ್ಚ್ 2

ಅಕ್ಕ,

ಎರಡು ಸಲ ಫೋನ್ ಮಾಡಿದೆ. ನೀನು ಎತ್ತಿದೆ, ಮಾತು ಕೇಳಿಸಲಿಲ್ಲ. ಉಸಿರು ಕೇಳಿಸಿತು. ಕೆಲಸಕ್ಕೆ ಹೋಗುತ್ತಿದ್ದೀಯಾ? ಕೆಳಗೆ ಒಂದು ಕಾರ್ಡ್ ಅಂಟಿಸಿದ್ದೇನೆ, ವಿಳಾಸ ಬರೆದಿದ್ದೇನೆ. 'ಹೂಂ' ಎಂದು ಬರೆದು ಡಬ್ಬಕ್ಕೆ ಹಾಕು, ಸಾಕು.

ತಮ್ಮ


ಮಾರ್ಚ್ 19

ಅಕ್ಕ,

ಕಾರ್ಡ್ ಬರಲಿಲ್ಲ. ಪೇಪರಿನಲ್ಲಿ ಬಂದರು ಎಂಬ ಪದ ಕಂಡರೆ ಕೆಲಸ ಬಿಟ್ಟು ಓದುತ್ತೇನೆ. ನಿನ್ನೆ 'ಬಂದರು' ಎಂದು ನೋಡಿ ನಿನಗೆ ಫೋನ್ ಮಾಡಲು ಎದ್ದೆ, ಪೂರ್ತಿ ಓದಿದರೆ 'ಸಚಿವರು ಬಂದರು' ಎಂದಿತ್ತು. ನಗು ಬರಲಿಲ್ಲ. ಒಂದು ಸಾಲು ಬರೆ. ಬೈದಾದರೂ ಬರೆ.

ತಮ್ಮ


ಮಾರ್ಚ್ 30

ಪುಕ್ಕಲನಿಗೆ,

ಇದನ್ನು ಮೂರು ದಿನ ಕೂತು ಬರೆಯುತ್ತಿದ್ದೇನೆ. ಅಕ್ಷರ ಸಣ್ಣದಾದ ಕೂಡಲೇ ನಿಲ್ಲಿಸಿ, ಕೈ ಒದರಿ, ಮತ್ತೆ ದೊಡ್ಡದಾಗಿ ಶುರುಮಾಡುತ್ತೇನೆ. ಅಳೆಯಬೇಡ.

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ.

ಹತ್ತನೆಯ ತಾರೀಕು, ಮಧ್ಯಾಹ್ನದ ಪಾಳಿ. ಹಡಗಿನಿಂದ ಕಂಟೇನರ್ ಎತ್ತಿ ದಡದ ಕಡೆ ತರುತ್ತಿದ್ದೆ. ಲಾರಿಯ ಪಕ್ಕದಲ್ಲಿ ನೀರುಕೋಳಿ ನಿಂತಿದ್ದ. ಅವನು ಅಂಗೈ ತೋರಿಸಿ ನಿಲ್ಲಿಸು ಎಂದ. ನಾನು ಎಡಗೈಗೆ ಬಿಡು ಎಂದೆ. ಅದು ಬಿಡಲಿಲ್ಲ. ನಡುಗಿತು ಎಂದುಕೊಳ್ಳಬೇಡ, ನಡುಕವೇ ಇರಲಿಲ್ಲ. ಕೈ ಹಿಡಿಕೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಕೂತಿತ್ತು. ಒಂದು, ಎರಡು ಎಣಿಸುವಷ್ಟು ಹೊತ್ತು. ಆಮೇಲೆ ಬಿಟ್ಟಿತು. ಅಷ್ಟರಲ್ಲಿ ಕಂಟೇನರ್ ತೂಗಿ ಲಾರಿಯ ಆಚೆಗೆ ಹೋಗಿತ್ತು. ನೀರುಕೋಳಿ ಬದಿಗೆ ಹಾರಿದ. ಅವನ ಟೊಪ್ಪಿ ಉರುಳುವುದು ಮೇಲಿನಿಂದ ಕಂಡಿತು, ಅವನು ಕಾಣಲಿಲ್ಲ. ಟೊಪ್ಪಿ ಮಾತ್ರ ಕಾಣುವ ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಆಮೇಲೆ ಲಾರಿಯ ಹಿಂದಿನಿಂದ ಎದ್ದು ಬಂದ, ಪ್ಯಾಂಟಿನ ಧೂಳು ಕೊಡವಿಕೊಂಡ, ಕೈ ಎತ್ತಿ ಸರಿಯಾಗಿದ್ದೇನೆ ಎಂದು ತೋರಿಸಿದ.

ಸೂಪರ್‌ವೈಸರ್ ಬಂದು 'ಏನಾಯ್ತು?' ಎಂದರು. ನಾನು 'ಗಾಳಿ ಸಾರ್' ಎಂದೆ.

ಹಾಗೇ ಹೇಳಿದೆ ಕಣೋ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿ ತಾನೇ ಹೇಳಿತು. ಅವರು ಪುಸ್ತಕದಲ್ಲಿ ಗಾಳಿ ಎಂದು ಬರೆದುಕೊಂಡರು. ಅದಾದ ಮೇಲೆ ನಾಲ್ಕು ದಿನ ನಾನು ಮೇಲೆ ಹತ್ತಿದೆ. ನೀನು ನನ್ನನ್ನು ಏನೆಂದುಕೊಂಡರೂ ಸರಿ, ಆ ನಾಲ್ಕು ದಿನವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿಕೆಯಿಂದ ತೆಗೆಯುವುದನ್ನು ಅಭ್ಯಾಸ ಮಾಡಿಕೊಂಡೆ. ನಿಧಾನವಾಗಿ ಸಾಗಿಸಿದೆ. ಎಲ್ಲರೂ 'ಮೇಡಂ ಹುಷಾರಾಗಿದ್ದಾರೆ' ಎಂದರು.

ಐದನೆಯ ದಿನ ಪಾಳಿ ಶುರುವಾಗುವ ಮುಂಚೆ ನೀರುಕೋಳಿ ಏಣಿಯ ಹತ್ತಿರ ಬಂದ. ಚಹಾ ಲೋಟ ಕೈಗೆ ಕೊಟ್ಟು, ನನ್ನ ಮುಖ ನೋಡದೆ, 'ಅಕ್ಕಾ, ಅವತ್ತು ಗಾಳಿ ಇರ್ಲಿಲ್ಲ' ಎಂದ.

  ಟೊಪ್ಪಿ ಸರಿಮಾಡಿಕೊಂಡು, ಹೋಗಿ, ಅದೇ ಜಾಗದಲ್ಲಿ ನಿಂತ. ಕೊಕ್ಕೆಯ ನೇರ ಕೆಳಗೆ. ತಲೆ ಎತ್ತಿ ನಾನು ಹತ್ತುವುದನ್ನು ಕಾಯುತ್ತಾ.

ಗೊತ್ತಿದ್ದೂ ನಿಂತನಲ್ಲ. ಅವನು ಬೈದಿದ್ದರೆ, ದೂರು ಕೊಟ್ಟಿದ್ದರೆ ನಾನು ಜಗಳವಾಡಿ ಹತ್ತಿಬಿಡುತ್ತಿದ್ದೆನೇನೋ. ಏಣಿಯ ಮೊದಲ ಮೆಟ್ಟಿಲ ಮೇಲಿದ್ದ ಕಾಲು ತೆಗೆದೆ. ಲೋಟದಲ್ಲಿದ್ದ ಚಹಾ ಪೂರ್ತಿ ಚೆಲ್ಲಿತ್ತು, ಆಗ ನೋಡಿದೆ. ಆಫೀಸಿಗೆ ಹೋಗಿ ಬೀಗದಕೈ ಮೇಜಿನ ಮೇಲಿಟ್ಟು 'ಪುಸ್ತಕದಲ್ಲಿ ಗಾಳಿ ಅಂತ ಬರ್ದಿದ್ದೀರಲ್ಲ ಸಾರ್, ಅದನ್ನ ಹೊಡೆದುಹಾಕಿ, ನನ್ನ ಕೈ ಅಂತ ಬರೀರಿ' ಎಂದೆ.

ಈಗ ರಜೆಯಲ್ಲಿದ್ದೇನೆ. ಆ ನಿನ್ನ ಡಾಕ್ಟರ ವಿಳಾಸ ಕಳಿಸು.

ಎಡಚಿ


ಏಪ್ರಿಲ್ 6

ಅಕ್ಕ,

ಡಾಕ್ಟರನ್ನು ನೋಡಲು ಹದಿನೇಳನೆಯ ತಾರೀಕು ಕೊಟ್ಟಿದ್ದಾರೆ. ಹದಿನಾರಕ್ಕೇ ನಾನು ಬಂದು ನಿನ್ನನ್ನು ಕರೆದೊಯ್ಯುತ್ತೇನೆ. ಬೇಡ ಎಂದು ಬರೆಯಬೇಡ, ಆ ಕಾಗದ ನಾನು ಹೊರಟ ಮೇಲೆ ಇಲ್ಲಿಗೆ ತಲುಪುತ್ತದೆ.

ನೀನು ನಾಲ್ಕು ದಿನ ಮುಚ್ಚಿಡಲಿಲ್ಲ. ನಾನೂ ಮುಚ್ಚಿಡುವುದಿಲ್ಲ. ನಿನ್ನ ಸೂಪರ್‌ವೈಸರ್‌ಗೆ ಫೆಬ್ರವರಿ ಇಪ್ಪತ್ತೆಂಟರಂದೇ ಕಾಗದ ಬರೆದಿದ್ದೆ. ಅಂಚೆಚೀಟಿ ಹಚ್ಚಿದ್ದೆ. ದಿನಾ ಅಂಗಿ ಬದಲಿಸುವಾಗ ಅದನ್ನೂ ಹೊಸ ಅಂಗಿಯ ಜೇಬಿಗೆ ಬದಲಿಸುತ್ತಿದ್ದೆ. ಅಂಚೆಡಬ್ಬದ ಮುಂದೆ ನಿಂತರೆ 'ನನಗೆ ತಮ್ಮನಿಲ್ಲ' ಎಂಬ ನಿನ್ನ ಸಾಲು ಕಣ್ಣಿಗೆ ಕಟ್ಟುತ್ತಿತ್ತು. ಹತ್ತನೆಯ ತಾರೀಕು ಆ ಮನುಷ್ಯ ಲಾರಿಯ ಹಿಂದಕ್ಕೆ ಹಾರಿದಾಗಲೂ ಅದು ನನ್ನ ಜೇಬಿನಲ್ಲಿತ್ತು. ಅವನು ಒಂದು ಹೆಜ್ಜೆ ತಡಮಾಡಿದ್ದರೆ ಅದು ನಿನ್ನ ತಪ್ಪೊಂದೇ ಆಗುತ್ತಿರಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ತಿದ್ದಲು ಆಗುತ್ತಿಲ್ಲ.

ಹದಿನಾರಕ್ಕೆ.

ನಿನ್ನ ಪುಕ್ಕಲ


ಮೇ 20

ಪ್ರೀತಿಯ ತಮ್ಮ,

ನೀನು ಹೋಗಿ ತಿಂಗಳಾಯಿತು. ತಲುಪಿದೆ ಎಂದು ಒಂದು ಸಾಲು, ಅಷ್ಟೇ. ನನ್ನ ಕಾಯಿಲೆಗೆ ಹೆಸರು ಸಿಕ್ಕ ಮೇಲೆ ನಿನ್ನ ಬಾಯಿಗೆ ಬೀಗ ಬಿತ್ತೇ?

ಮಾತ್ರೆ ಕೆಲಸ ಮಾಡುತ್ತಿದೆ. ಈ ಕಾಗದ ಅಳೆಯಲು ಅಪ್ಪಣೆ ಕೊಟ್ಟಿದ್ದೇನೆ, ಸ್ಕೇಲ್ ತೆಗೆ. ಬೆಳಿಗ್ಗೆ ಗುಂಡಿ ಹಾಕಿಕೊಳ್ಳುವುದು ಹತ್ತು ನಿಮಿಷದಿಂದ ನಾಲ್ಕಕ್ಕೆ ಇಳಿದಿದೆ. ಮಾತ್ರೆಯ ಹೊತ್ತು ಮೀರಿದರೆ ಮಾತ್ರ ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತದೆ. ಬಂದರಿನವರು ನನ್ನನ್ನು ಹೊಸಬರಿಗೆ ಕಲಿಸುವ ಕೋಣೆಗೆ ಹಾಕಿದ್ದಾರೆ. ಅಲ್ಲೊಂದು ನಕಲಿ ಕ್ಯಾಬಿನ್ ಇದೆ, ಎದುರಿಗೆ ಪರದೆ. ಮೊದಲ ದಿನ ಅಳು ಬಂತು. ಎರಡನೆಯ ದಿನ ಒಬ್ಬ ಹುಡುಗಿ ಪರದೆಯ ಮೇಲಿನ ಹಡಗನ್ನೇ ಅರ್ಧಕ್ಕೆ ಮುರಿದಳು, ಬೈಯುವ ಸಂಭ್ರಮದಲ್ಲಿ ಅಳು ಮರೆತೆ.

ಆಸ್ಪತ್ರೆಯಲ್ಲಿ ನೀನು ಮಾತ್ರೆ ತರಲು ಕೆಳಗೆ ಹೋದಾಗ ಡಾಕ್ಟರನ್ನು ಒಂದು ಮಾತು ಕೇಳಿದೆ, ನಿನಗೆ ಹೇಳಿರಲಿಲ್ಲ. 'ನಾಲ್ಕು ವರ್ಷದ ಹಿಂದೆ ನಾನು ಮಲಗಿಬಿಟ್ಟಿದ್ದೆನಲ್ಲ, ಅದು ಇದೇನಾ?' ಎಂದೆ. 'ಇರಬಹುದಮ್ಮ. ಇದೇ ಅಂತ ನಾನು ಆಣೆ ಇಟ್ಟು ಹೇಳಲಾರೆ. ಕೈಗೆ ಬರೋ ಮುಂಚೆ ಕೆಲವರಲ್ಲಿ ಮನಸ್ಸಿಗೆ ಬರತ್ತೆ' ಎಂದರು. ನನಗೆ ಎಷ್ಟು ಹಗುರವಾಯಿತು ಎಂದರೆ, ಅವರ ಎದುರಿಗೇ ನಕ್ಕುಬಿಟ್ಟೆ. ನಾನು ಸೋಮಾರಿಯಾಗಿರಲಿಲ್ಲ ಎಂದು ಒಬ್ಬ ದೊಡ್ಡ ಡಾಕ್ಟರು ಹೇಳಿದರಲ್ಲ.

ಬಸ್ಸಿನಲ್ಲಿ ಬರುವಾಗ ಒಬ್ಬರು ಈಚೆಗೆ ಶುರುವಾದ ನನ್ನ ಕೈನಡುಕ ನೋಡಿ ಎದ್ದು ಜಾಗ ಕೊಟ್ಟರು. ನೀನು ಅವರಿಗೆ ವಂದನೆ ಹೇಳಿ, ಕಿಟಕಿಯ ಕಡೆ ತಿರುಗಿ, 'ಅಕ್ಕ, ಅವತ್ತು ಅದು ಕಾಯಿಲೆ ಅಂತ ಗೊತ್ತಿದ್ದಿದ್ರೆ ನಾನು ಹಾಗೆ ಅಂತಿರ್ಲಿಲ್ಲ' ಎಂದೆ. ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ, ಕೋಪದಿಂದಲ್ಲ.

ಪಾರ್ಕಿನ್ಸನ್ ಬಾರದೇ ಇದ್ದಿದ್ದರೂ ಅದು ಕಾಯಿಲೆಯೇ ಆಗಿತ್ತು. ನಾಳೆ ಆ ಡಾಕ್ಟರು ಬಂದು 'ತಪ್ಪಾಯ್ತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ' ಎಂದರೆ ನನ್ನ ಎಂಟು ತಿಂಗಳು ಮತ್ತೆ ಸೋಮಾರಿತನವಾಗುತ್ತದೆಯೇ? ಕೈ ನಡುಗಿದರೆ ಬಸ್ಸಿನಲ್ಲಿ ಕುರ್ಚಿ ಸಿಗುತ್ತದೆ. ಅವತ್ತು ನನ್ನ ಒಳಗೆಲ್ಲ ನಡುಗುತ್ತಿತ್ತು, ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾನು ಕಾಯಿಲೆಯವಳೆಂದು ಗೊತ್ತಿರಬೇಕಿರಲಿಲ್ಲ, ನಿನ್ನ ಅಕ್ಕ ಎಂದು ಗೊತ್ತಿದ್ದರೆ ಸಾಕಿತ್ತು.

ಇಷ್ಟು ಹೇಳಲು ನಾಲ್ಕು ವರ್ಷ ಬೇಕಾಯಿತು. ಹೇಳಿದ ಮೇಲೆ ನಿನ್ನ ಮೇಲೆ ಏನೂ ಉಳಿದಿಲ್ಲ. ನಿಜವಾಗಿ ಉಳಿದಿಲ್ಲ. ಬೇಗ ಬರೆ.

ನಿನ್ನ ಎಡಚಿ ಅಕ್ಕ


ಜೂನ್ 14

ತಮ್ಮ,

ಉತ್ತರ ಇಲ್ಲ. ನನ್ನ ಮಾತು ಚುಚ್ಚಿತೇ? ಚುಚ್ಚಿದ್ದರೆ ಜಗಳಕ್ಕೆ ಬಾ. ಫೋನ್ ಮಾಡಿದರೆ 'ಪ್ರೂಫ್ ತುಂಬಾ ಇದೆ, ಆಮೇಲೆ ಮಾಡ್ತೀನಿ' ಎನ್ನುತ್ತೀಯ. ಆ 'ಆಮೇಲೆ' ಬಂದಿಲ್ಲ. ಒಂದು ಮಾತು ಹೇಳಲೇ? ಫೋನಿನಲ್ಲಿ ಈಗ ನಿನ್ನ ದನಿ ನನಗೆ ಕೇಳಿಸುವುದಿಲ್ಲ.

ಅಕ್ಕ


ಜುಲೈ 1

ಅಕ್ಕ

ನೀನು ಚುಚ್ಚಿದ್ದಲ್ಲ. ನೀನು ಹೇಳಿದ್ದು ಸರಿ.

ನಾನು ಒಂದೂವರೆ ವರ್ಷದಿಂದ ಖಿನ್ನತೆಗೆ ಮಾತ್ರೆ ತಗೋತಿದ್ದೆ. ನಿನಗೆ ಹೇಳಲು ನನಗೆ ಮುಖ ಇರಲಿಲ್ಲ, ನಿನಗೆ ಹಾಗಂದವನು ನಾನು. ಆ ಲೇಖನವನ್ನು ಒಂಬತ್ತು ಸಲ ಓದಿದೆ. ಮೊದಲ ಸಲ ಓದಿದ್ದು ನಿನಗಾಗಿ ಅಲ್ಲ.

ಆಸ್ಪತ್ರೆಯಲ್ಲಿ ನಿನ್ನನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರಲ್ಲ. ನಾನೂ ಹಿಂದೆ ನಡೆದು ನನ್ನ ಕೈ ಬೀಸುತ್ತಾ ನೋಡಿಕೊಂಡೆ. ಈಗ ದಿನಾ ನೋಡಿಕೊಳ್ಳುತ್ತೇನೆ. ಲಿಂಬೆಹಣ್ಣು ಕೊಯ್ದು ಮೂಸುತ್ತೇನೆ. ವಾಸನೆ ಬಂದರೂ ಬಂತೋ ಇಲ್ಲವೋ ಅನ್ನಿಸುತ್ತದೆ. ಮಾತ್ರೆಯಿಂದಲೇ ಆ ಕಾಯಿಲೆ ಬರುತ್ತದೇನೋ ಅಂತ ಮೇ ತಿಂಗಳಲ್ಲಿ ಮಾತ್ರೆ ಬಿಟ್ಟೆ. ಪ್ರೆಸ್ಸಿಗೆ ಹೋಗಿ ಒಂಬತ್ತು ದಿನ ಆಯಿತು. ಸಾಲುಗಳು ಓದಿಸಿಕೊಳ್ಳುತ್ತಿಲ್ಲ. ಇದರಲ್ಲಿ ತಪ್ಪಿದ್ದರೆ ಇರಲಿ, ತಿದ್ದಿಲ್ಲ.


ಜುಲೈ 6

ನನ್ನ ಪುಟ್ಟ ತಮ್ಮನಿಗೆ,

ನಿನ್ನ ಕಾಗದಕ್ಕೆ ಸಹಿ ಇರಲಿಲ್ಲ. ಎರಡು ಸಲ ತಿರುಗಿಸಿ ನೋಡಿದೆ.

ಇದನ್ನು ಕಲಿಸುವ ಕೋಣೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನಿನ್ನ ಊರಿಗೆ ಲಾರಿ ಒಯ್ಯುವವನೊಬ್ಬ ನೀರುಕೋಳಿಯ ಭಾವಮೈದ. ಅವನ ಕೈಲಿ ಕೊಟ್ಟರೆ ನಾಳೆ ಬೆಳಿಗ್ಗೆಯೇ ನಿನ್ನ ಬಾಗಿಲ ಸಂದಿಯಲ್ಲಿ ಬೀಳುತ್ತದೆ. ನಿನ್ನ ಫೋನ್ ಸತ್ತಿದೆ. ನಿಮ್ಮ ಪ್ರೆಸ್ಸಿನ ಯಜಮಾನರಿಗೆ ಮಾಡಿದೆ. 'ನಿನ್ನೆ ಹಾಲು ತಗೊಂಡ್ರಂತಮ್ಮ, ಬಾಗಿಲು ಮಾತ್ರ ತೆಗೀತಿಲ್ಲ' ಎಂದರು. ಹಾಲು ತೆಗೆದುಕೊಂಡಿದ್ದೀಯ ಎಂಬುದನ್ನು ಹಿಡಿದುಕೊಂಡೇ ಇವತ್ತಿನ ದಿನ ಕಳೆಯುತ್ತಿದ್ದೇನೆ.

ಡಾಕ್ಟರಿಗೂ ಫೋನ್ ಮಾಡಿದೆ. ನೆಪ ಹುಡುಕಲಿಲ್ಲ. 'ನನ್ನ ತಮ್ಮ ಸಾರ್, ನಿಮ್ಮ ಲೇಖನ ಓದಿ ಹೆದರಿ ಮಾತ್ರೆ ಬಿಟ್ಟಿದ್ದಾನೆ' ಎಂದೆ.  ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ, ಇದ್ದ ಹಾಗೇ ಕೊಡುತ್ತೇನೆ: 'ಖಿನ್ನತೆ ಇರೋ ಬಹಳಷ್ಟು ಜನಕ್ಕೆ ಇದು ಯಾವತ್ತೂ ಬರಲ್ಲ. ಅಕ್ಕನಿಗೆ ಬಂತು ಅಂತ ತಮ್ಮನಿಗೆ ಬಂದೇ ಬರತ್ತೆ ಅಂತಾನೂ ಇಲ್ಲ. ಮಾತ್ರೆ ಬಿಟ್ಟರೆ ಅದು ದೂರ ಹೋಗಲ್ಲ. ಇವತ್ತಿಗೆ ಅಪಾಯ ಇರೋದು ಆ ಕಾಯಿಲೆಯಿಂದ ಅಲ್ಲ, ಒಬ್ಬರೇ ಬಾಗಿಲು ಹಾಕ್ಕೊಂಡು ಕೂತಿರೋದ್ರಿಂದ. ತಾವಾಗೇ ಮಾತ್ರೆ ಶುರು ಮಾಡೋದೂ ಬೇಡ, ಸೋಮವಾರದ ತನಕ ಕಾಯೋದೂ ಬೇಡ, ಅವರನ್ನ ನೋಡ್ತಿದ್ದ ಡಾಕ್ಟರ ಹತ್ರ ಕರ್ಕೊಂಡು ಹೋಗಿ.' ಮುಂದೆ ನಿನಗೆ ಅದು ಬರುವುದೇ ಇಲ್ಲ ಎಂದು ಹೇಳಿ ಎಂದು ಕೇಳಿದೆ. ಅವರು ಹೇಳಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೇ ಉಳಿದದ್ದನ್ನು ನಂಬಿದೆ. ನೀನೂ ನಂಬು.

ನಿನಗೆ ಒಂದೂವರೆ ವರ್ಷದಿಂದ ಹೀಗಿತ್ತು. ಹೋದ ಜನವರಿ ನನ್ನ ಮನೆಯಲ್ಲಿ ಐದು ದಿನ ಇದ್ದು, ನನ್ನ ಕೈ, ಮೂಗು, ಮೊಣಕೈ ಎಲ್ಲ ನೋಡಿದೆ. ನಾನು ನಿನ್ನ ಮುಖವನ್ನೂ ನೋಡಲಿಲ್ಲ. ಅದಕ್ಕೆ ನನ್ನನ್ನು ಬೈಯುವುದಿದ್ದರೆ ಎದುರಿಗೇ ಬೈಯಿ.

ನಾಳೆ ಹನ್ನೊಂದರ ಬಸ್ಸಿಗೆ ಬರುತ್ತಿದ್ದೇನೆ. ಹದಿನೈದು ದಿನ ರಜೆ ಹಾಕಿದ್ದೇನೆ, ನನ್ನ ಮಾತ್ರೆಗಳನ್ನು ಎಣಿಸಿ ಕಟ್ಟಿಕೊಂಡಿದ್ದೇನೆ. ನೀನು ಎದ್ದು ಮನೆ ಗುಡಿಸಬೇಕಿಲ್ಲ. ಸ್ನಾನ ಮಾಡಿರದಿದ್ದರೆ ಮಾಡಿರಬೇಡ. ಪಾತ್ರೆ ಹಾಗೇ ಬಿದ್ದಿರಲಿ. ಮಾತಾಡಬೇಕು ಅನ್ನಿಸದಿದ್ದರೆ ಗೋಡೆ ಕಡೆ ತಿರುಗಿಕೊಂಡೇ ಇರು, ನಾನು ಪಕ್ಕದಲ್ಲಿ ಪೇಪರ್ ಓದುತ್ತಾ ಕೂತಿರುತ್ತೇನೆ. ಸಂಜೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ.

ಒಂದೇ ಒಂದು ಕೆಲಸ ಮಾಡು. ಬಾಗಿಲ ಚಿಲಕ ತೆಗೆದಿಡು.

ಇನ್ನೊಂದು ಮಾತು. ನಿನ್ನ ಮನೆ ಮೂರನೆಯ ಮಹಡಿ. ಪ್ರಯಾಣದಲ್ಲಿ ನನ್ನ ಮಾತ್ರೆಯ ಹೊತ್ತು ಹೆಚ್ಚುಕಡಿಮೆ ಆಗುತ್ತದೆ, ಮೆಟ್ಟಿಲ ಮೇಲೆ ಕಾಲು ನಿಂತುಬಿಡಬಹುದು. ಒಳಗಿನಿಂದ ನನ್ನ ಹೆಜ್ಜೆ ಸದ್ದು ಕೇಳಿಸಿ, ನಡುವೆ ನಿಂತುಹೋದರೆ, ಹೊರಟುಹೋದಳು ಎಂದುಕೊಳ್ಳಬೇಡ. ಅಲ್ಲೇ ನಿಂತಿರುತ್ತೇನೆ, ಕಾಲು ಬಿಟ್ಟ ಕೂಡಲೇ ಹತ್ತುತ್ತೇನೆ.

ಅಕ್ಕ